ಕಡ ಕೊಟ್ಟ ಕಣ್ಣು

ಅವರೆದುರು ಕೂತು ಕಣ್ಣು ಮಿಟುಕಿಸುವ ಧೈರ್ಯ ಬ್ಯಾಡಗಿಯಲ್ಲಿ ಯಾರಿಗೂ ಇರಲಿಲ್ಲ. ಕ್ಯಾಮೆರಾದ ಹಿಂದಿನಿಂದ ಎಡಗಣ್ಣು ಕಿರಿದು ಮಾಡಿಕೊಂಡು, "ಕಣ್ಣು ಬಿಡ್ರಿ, ಇನ್ನೂ ಬಿಡ್ರಿ, ಎಚ್ಚರ ಅದೀರಿ ಅಂತ ಗೊತ್ತಾಗ್ಲಿ" ಎಂದು ಗದರಿದರೆ, ಮಾರುಕಟ್ಟೆಯಲ್ಲಿ ಹತ್ತು ಜನರ ಬಾಯಿ ಮುಚ್ಚಿಸುವ ದಲಾಲರೂ ಶಾಲೆಯ ಹುಡುಗರಂತೆ ಕಣ್ಣರಳಿಸಿ ಕೂರುತ್ತಿದ್ದರು. ಅವರ ಸ್ಟುಡಿಯೋ ಇದ್ದದ್ದು ಮೆಣಸಿನಕಾಯಿ ಮಾರುಕಟ್ಟೆಗೆ ಹೋಗುವ ರಸ್ತೆಯಲ್ಲಿ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಎಂದು ಹೊರಗಿನವರು ಹೇಳುತ್ತಾರೆ. ಹಾಗೆ ಹೇಳುವವರು ಸುಗ್ಗಿಯಲ್ಲಿ ಬಂದು ಸ್ಟುಡಿಯೋ ಬಾಗಿಲಲ್ಲಿ ಐದು ನಿಮಿಷ ನಿಂತು ಮಾತಾಡಬೇಕಿತ್ತು. ಗಾಳಿ ಈ ಕಡೆ ಬೀಸಿತೆಂದರೆ ಫೋಟೋಕ್ಕೆ ಬಂದವರೆಲ್ಲ ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಒಳಗೆ ಬರುತ್ತಿದ್ದರು. ಅದಕ್ಕೆಂದೇ ಅವರು ಬಾಗಿಲ ಬಳಿ ಒಂದು ಬಕೆಟ್ ನೀರು, ಒಂದು ಒದ್ದೆ ಟವೆಲ್ ಇಟ್ಟಿರುತ್ತಿದ್ದರು. ಅಳುಮೋರೆಯ ಒಂದು ಫೋಟೋವನ್ನೂ ಅವರು ಅಂಗಡಿಯಿಂದ ಹೊರಗೆ ಬಿಟ್ಟವರಲ್ಲ.

ಅವರು ತೀರಿಕೊಂಡು ಎರಡು ತಿಂಗಳಾಗುತ್ತ ಬಂತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನನ್ನ ಫೋನು ಅದನ್ನು ಎಲ್ಲಿಗೆ ಒಯ್ದು ಯಾವುದಕ್ಕೆ ಜೋಡಿಸುತ್ತದೋ ಎಂಬ ಹೆದರಿಕೆ. ನಗಬೇಡಿ. ರಾಣೆಬೆನ್ನೂರಿನಲ್ಲಿ ಸೀರೆ ಅಂಗಡಿ, ಬೀಜದಂಗಡಿ, ಹಲ್ಲಿನ ದವಾಖಾನೆಗಳಿಗೆಲ್ಲ ಫೋನಿನಲ್ಲೇ ಜಾಹೀರಾತು ಮಾಡಿಕೊಟ್ಟು ಹೊಟ್ಟೆ ಹೊರೆಯುವವಳು ನಾನು. ಅನ್ನ ಕೊಡುವ ಫೋನಿಗೆ ಹೆದರುವುದೇ ಎಂದು ನನ್ನ ಗಂಡನೇ ಆಡಿಕೊಳ್ಳುತ್ತಾರೆ. ದಿನಾ ಒಲೆ ಮುಂದೆ ನಿಲ್ಲುವವಳು ಬೆಂಕಿಗೆ ಹೆದರಬಾರದೇನು? ಈಚೆಗೆ ಮನೆಯಲ್ಲಿ ಫೋನನ್ನು ಮೋರೆ ಕೆಳಗೆ ಮಾಡಿ ಇಡುತ್ತೇನೆ. ಮಗಳ ಫೋಟೋ ಸ್ಟೇಟಸ್ಸಿಗೆ ಹಾಕುವುದನ್ನು ಬಿಟ್ಟಿದ್ದೇನೆ. ಯಾಕೆಂದು ಕೇಳಿದವರಿಗೆಲ್ಲ ಈ ಕಥೆ ಹೇಳುವುದಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಗೆ ಮೊದಲೂ ಆಮೇಲೂ ನಾನು ಅವರ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂತವಳು. ರಾಣೆಬೆನ್ನೂರಿನಿಂದ ಬೆಳಗಿನ ರೈಲಿಗೆ ಹೋಗಿ ಸಂಜೆ ಬರುತ್ತಿದ್ದೆ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ಯವ್ವಾ ಎನ್ನುತ್ತಿದ್ದರು. ಊಟಕ್ಕೆ ಕೂತಾಗ ನನ್ನ ಬುತ್ತಿಯ ಚಟ್ನಿಗೆ ತಪ್ಪದೆ ಹೆಸರಿಡುವರು, ತಪ್ಪದೆ ಅರ್ಧ ತಿನ್ನುವರು. ಲಗ್ನದ ಆಲ್ಬಮ್ಮಿನಲ್ಲಿ ಮದುಮಗಳ ಹಿಂದೆ ನಾನು ಹಂಸ, ಕಾರಂಜಿ ಹಾಕಿದರೆ ಹಣೆ ಚಚ್ಚಿಕೊಳ್ಳುವರು. ಗಿರಾಕಿ ಅದನ್ನೇ ಮೆಚ್ಚಿ ಹೊತ್ತೊಯ್ದಾಗ, "ನಿನ್ನ ಹಂಸನ ನಮಗ ಅನ್ನ ಹಾಕ್ತೈತಿ, ಇರ್ಲಿ ಬಿಡು" ಎಂದು ಒಪ್ಪಿಕೊಳ್ಳುವರು. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಲೆನ್ಸ್ ಒರೆಸುತ್ತಿದ್ದರು. ಲೆನ್ಸ್ ತಳತಳ ಹೊಳೆಯತೊಡಗಿದರೆ ನಾವು ದೂರ ಇರುತ್ತಿದ್ದೆವು.

ಅವರು ಹೆಸರಾದದ್ದು ಮಾತ್ರ ಬೇರೆ ಕೆಲಸಕ್ಕೆ. ನಮ್ಮ ಕಡೆ ಎಷ್ಟೋ ಮನೆತನಗಳಲ್ಲಿ, ತೀರಿಕೊಂಡವರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಮನೆಯವರೆಲ್ಲ ಸುತ್ತ ಕೂತು ಒಂದು ಕೊನೆಯ ಫೋಟೋ ತೆಗೆಸುವ ರೂಢಿ ಇದೆ. ಎಷ್ಟೋ ಜನರಿಗೆ ಬದುಕಿನ ಒಳ್ಳೆಯ ಫೋಟೋ ಎಂದರೆ ಅದೊಂದೇ. ಆದರೆ ಗೋಡೆಗೆ ತೂಗುಹಾಕಲು ಮುಚ್ಚಿದ ಕಣ್ಣಿನ ಫೋಟೋ ಯಾರಿಗೂ ಬೇಡ. ಆಗ ಇವರ ಬಳಿ ಬರುತ್ತಿದ್ದರು. ಗುತ್ತಲದಿಂದ, ಕರ್ಜಗಿಯಿಂದ, ಹಾವೇರಿಯಿಂದ, ಕೈಯಲ್ಲಿ ಆ ಫೋಟೋ ಹಿಡಿದು, ಕಣ್ಣು ಬಿಡಿಸಿಕೊಡ್ರಿ ಎಂದು. ಮೊದಲು ಅದನ್ನು ಸಣ್ಣ ಕುಂಚದಲ್ಲಿ ಮಾಡುತ್ತಿದ್ದರಂತೆ. ನಾನು ಸೇರುವ ಹೊತ್ತಿಗೆ ಕಂಪ್ಯೂಟರ್ ಬಂದಿತ್ತು. ಸತ್ತವರಿಗೆ ಅವರದೇ ಹಳೆಯ ಫೋಟೋದಿಂದ ಕಣ್ಣು ತೆಗೆದು ಕೂರಿಸುತ್ತಿದ್ದೆವು. ಹಳೆಯ ಫೋಟೋ ಇಲ್ಲದಿದ್ದರೆ ಅಣ್ಣನದೋ ತಮ್ಮನದೋ.

ಸ್ವಲ್ಪ ನಗುವ ಹಾಗೆ ಮಾಡಿಕೊಡಿ ಎಂದು ಕೆಲವರು ಕೇಳುವರು. ಅದಕ್ಕೆ ಮಾತ್ರ ಅವರು ಒಪ್ಪುತ್ತಿರಲಿಲ್ಲ. ಫೋಟೋ ಎಂದರೆ ಸುಮ್ಮನಿರಬೇಕು, ಅದೇ ಅದರ ಮರ್ಯಾದೆ ಎನ್ನುತ್ತಿದ್ದರು. ಕಣ್ಣು ಬಿಡಿಸುವುದು ಮನೆಯವರ ಸಮಾಧಾನಕ್ಕೆ, ಅದರಾಚೆ ಒಂದು ಕೂದಲೆಳೆಯಷ್ಟು ಹೋದರೂ ಅದು ಆಟ.

ಹೀಗಿರುವಾಗ ಹಾವೇರಿಯ ಬಟ್ಟೆ ಅಂಗಡಿಯವರೊಬ್ಬರ ಫೋಟೋ ಬಂತು. ಜೀವನವಿಡೀ ಗಲ್ಲೆಯ ಮೇಲೆ ಕೂತವರು, ಕ್ಯಾಮೆರಾ ಕಂಡರೆ ಎದ್ದು ಹೋಗುವ ಮನುಷ್ಯ. ಮನೆಯವರ ಬಳಿ ಇದ್ದದ್ದು ಮತದಾರರ ಚೀಟಿಯ ಫೋಟೋ ಒಂದೇ, ಅದರಲ್ಲಿ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಮಸಿ. ಅಣ್ಣತಮ್ಮಂದಿರಿಲ್ಲ. ಮಗನದು ತಾಯಿಯ ಕಣ್ಣು, ಹೊಂದಲಿಲ್ಲ. ಕಾಕಾ ಎರಡು ದಿನ ಲೆನ್ಸ್ ಒರೆಸಿದರು. ಮೂರನೆಯ ದಿನ ಮೋರೆ ತೊಳೆದುಕೊಂಡು ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ತಾವೇ ಕೂತು, ಕ್ಯಾಮೆರಾವನ್ನು ನನ್ನ ಕೈಗಿತ್ತರು.

"ನಂದು ಹಾಕು, ಯವ್ವಾ," ಎಂದರು.

ನನಗೆ ಯಾಕೋ ಸರಿಬರಲಿಲ್ಲ. ಹಾಗೆ ಮಾಡಬಹುದೇ ಎಂದು ಕೇಳಿದೆ. ಅವರು ನಕ್ಕುಬಿಟ್ಟರು. "ಗ್ವಾಡಿ ಮ್ಯಾಲ ಇರೋ ಫೋಟೋ ಅದು. ಎದ್ದು ಬರ್ತೈತೇನು?"

ಹಾಕಿದೆ. ಅದ್ಭುತವಾಗಿ ಹೊಂದಿತು. ವರ್ಷಗಟ್ಟಲೆ ಕ್ಯಾಮೆರಾದಲ್ಲಿ ಇಣುಕಿ ಅವರ ಎಡಗಣ್ಣು ಬಲಗಣ್ಣಿಗಿಂತ ಒಂದಿಷ್ಟು ಕಿರಿದಾಗಿತ್ತು. ಆ ಕಿರಿದು ಕೂಡ ಆ ಮುಖಕ್ಕೆ ವ್ಯಾಪಾರಸ್ಥನ ಕಳೆಯನ್ನೇ ತಂದಿತು. ಫೋಟೋ ಒಯ್ಯಲು ತೀರಿಕೊಂಡವರ ಹೆಂಡತಿಯೇ ಬಂದಿದ್ದರು. ಕಟ್ಟು ಹಾಕಿಸಿದ ಫೋಟೋವನ್ನು ಸೆರಗಿನಿಂದ ಒರೆಸಿ, ಅದನ್ನೇ ನೋಡುತ್ತ, "ನನ್ನ ನೋಡಾಕತ್ತಾರ" ಎಂದು ಅತ್ತರು. ಕಾಕಾ ಆಗ ಒಳಕೋಣೆಗೆ ಹೋದವರು ಆಕೆ ಹೋಗುವವರೆಗೂ ಹೊರಗೆ ಬರಲಿಲ್ಲ. ಆಮೇಲೆ ಆ ಕಣ್ಣನ್ನು ಬೇರೆಯವರಿಗೂ ಹಾಕಿದೆವು. ಗುತ್ತಲದ ಒಬ್ಬ ಮಾಸ್ತರರಿಗೆ, ಕರ್ಜಗಿಯ ಒಬ್ಬ ಗೌಡರಿಗೆ, ಇನ್ನೂ ಕೆಲವರಿಗೆ. ಬೇರೆ ಬೇರೆ ಊರಿನ, ಬೇರೆ ಬೇರೆ ಮನೆಯ ಗೋಡೆಗಳ ಮೇಲೆ ಅವರ ಕಣ್ಣು ಸುಮ್ಮನೆ ಕೂತಿತ್ತು.

ಮುಂದೆ ಫೋನು ಬಂತು. ಮೊದಲು ಎಲ್ಲರ ಕೈಗೆ, ಆಮೇಲೆ ಎಲ್ಲರ ತಲೆಗೆ. ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಜನ ಬರುವುದು ನಿಂತಿತು. ಬಿಳಿ ಲುಂಗಿ ಹಿಡಿದು ಅದರ ಮುಂದೆ ತಾವೇ ತೆಗೆದುಕೊಂಡು ಕಳಿಸುತ್ತಿದ್ದರು. ಲಗ್ನಪತ್ರಿಕೆ ವಿಡಿಯೋ ಆಯಿತು. ನಾಯಕರ ಹುಟ್ಟುಹಬ್ಬದ ಬ್ಯಾನರನ್ನು ಹುಡುಗರು ಬಸ್ಸಿನಲ್ಲಿ ನಿಂತುಕೊಂಡೇ ಹೆಬ್ಬೆರಳಿನಲ್ಲಿ ಡಿಸೈನ್ ಮಾಡತೊಡಗಿದರು. ನಾನೂ ಸ್ಟುಡಿಯೋ ಬಿಟ್ಟು ರಾಣೆಬೆನ್ನೂರಿನಲ್ಲಿ ಸಣ್ಣದೊಂದು ಅಂಗಡಿ ಇಟ್ಟು ಜಾಹೀರಾತಿನ ಕೆಲಸ ಹಿಡಿದೆ. ಕಾಕಾ ಬೇಸರ ಮಾಡಿಕೊಳ್ಳಲಿಲ್ಲ. ಅವರೇನು ಹಳೆಯದನ್ನು ತಬ್ಬಿಕೊಂಡು ಅಳುವ ಮನುಷ್ಯರಲ್ಲ. ಸತ್ತವರ ಕಣ್ಣು ಬಿಡಿಸುವುದಕ್ಕೆ ಇನ್ನೂ ಯಾವ ಆ್ಯಪೂ ಬಂದಿಲ್ಲ, ಅಲ್ಲಿಯವರೆಗೆ ತಮ್ಮದು ನಡೆಯುತ್ತದೆ ಎಂದು ಚೇಷ್ಟೆ ಮಾಡುತ್ತಿದ್ದರು. ಕಡೆಗೆ ಸ್ಟುಡಿಯೋ ಮುಚ್ಚಿ, ಕೆಲಸದ ಫೈಲುಗಳಿದ್ದ ಹಾರ್ಡ್‌ಡಿಸ್ಕನ್ನು ನನಗೆ ಕೊಟ್ಟು, ತಾವೊಂದು ದೊಡ್ಡ ಫೋನು ಕೊಂಡರು. ಕಪಾಟಿನಲ್ಲಿದ್ದ ಹಳೆಯ ಪ್ರಿಂಟುಗಳನ್ನು ಗೆದ್ದಲು ತಿನ್ನುವ ಮೊದಲು ಫೋನಿಗೆ ಹತ್ತಿಸುತ್ತೇನೆ ಎಂದು ಒಂದೊಂದನ್ನೇ ತೆಗೆದು ಫೋಟೋ ಹೊಡೆದುಕೊಂಡರು. ಮನೆಯಲ್ಲಿ ಕೂತವರಿಗೆ ಅದೊಂದು ಹಬ್ಬವಾಗಿತ್ತು.

ಒಂದು ಬೆಳಗ್ಗೆ ಹೇಳದೆ ಕೇಳದೆ ನನ್ನ ಅಂಗಡಿಗೆ ಬಂದರು. ಫೋನನ್ನು ಕರವಸ್ತ್ರದಲ್ಲಿ ಸುತ್ತಿ ಹಿಡಿದಿದ್ದರು. ನೀರು ಕೊಟ್ಟರೆ ಕುಡಿಯಲಿಲ್ಲ. ಕರವಸ್ತ್ರ ಬಿಚ್ಚಿ ನನ್ನ ಮುಂದಿಟ್ಟರು.

ಫೋನಿನ ಮೇಲೆ ಪಕ್ಕಪಕ್ಕ ಎರಡು ಮುಖ. ಒಂದು ಅವರದು, ಮಗಳ ಮನೆಯಲ್ಲಿ ತೆಗೆದದ್ದು. ಇನ್ನೊಂದು ಹಾವೇರಿಯ ಬಟ್ಟೆ ಅಂಗಡಿಯವರದು. ಕೆಳಗೆ ಅಚ್ಚ ಕನ್ನಡದಲ್ಲಿ ಒಂದು ಪ್ರಶ್ನೆ: ಇವರು ಒಂದೇ ವ್ಯಕ್ತಿಯೇ, ಬೇರೆ ವ್ಯಕ್ತಿಯೇ?

ಅವರು ಮೊದಲ ಸಲ 'ಬೇರೆ' ಎಂದು ಒತ್ತಿದ್ದರಂತೆ. ಆಗ ಅದು ಅವರ ಪಕ್ಕದಲ್ಲಿ ಗುತ್ತಲದ ಮಾಸ್ತರರನ್ನು ತಂದಿಟ್ಟು ಮತ್ತೆ ಅದನ್ನೇ ಕೇಳಿತಂತೆ. ಬೇರೆ ಎಂದರು. ಕರ್ಜಗಿಯ ಗೌಡರನ್ನು ತಂದಿತು. ಬೇರೆ, ಬೇರೆ ಎಂದು ಒತ್ತಿ ಒತ್ತಿ ಸಾಕಾಗಿ, ಫೋಟೋಗಳ ಗ್ಯಾಲರಿಯೊಳಗೆ ಹೋಗಿ ನೋಡಿದರೆ, ಫೋನು ತಾನೇ ಒಂದು ಗುಂಪು ಮಾಡಿ, ಆ ಸತ್ತವರನ್ನೆಲ್ಲ ಅದರಲ್ಲಿ ಕೂರಿಸಿ, ಮೇಲೆ ಕಾಕಾನ ಮುಖ ಹಚ್ಚಿಬಿಟ್ಟಿತ್ತು.

"ಇಷ್ಟು ವರ್ಷದಾಗ ಯಾರೂ ಕೇಳಿದ್ದಿಲ್ಲ," ಎಂದರು. "ಅವರ ಹೇಣ್ತಿ ಕೇಳಿದ್ದಿಲ್ಲ, ಆ ಮನಿಯವರು ಕೇಳಿದ್ದಿಲ್ಲ. ಇದು ಹೆಂಗ ಕೇಳ್ತು, ಯವ್ವಾ?"

ಫೋನು ಮುಖಗಳನ್ನು ಅಳೆಯುತ್ತದೆ, ಕಣ್ಣಿಗೂ ಕಣ್ಣಿಗೂ ನಡುವಿನ ಅಂತರ ನೋಡುತ್ತದೆ, ಅದಕ್ಕೆ ಬುದ್ಧಿಯೇನೂ ಇಲ್ಲ ಎಂದು ನನಗೆ ತಿಳಿದಷ್ಟು ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಆ ಫೋಟೋಗಳನ್ನೆಲ್ಲ ಅಳಿಸಿಹಾಕಿದೆವು. ಅಳಿಸಿದ ಮೇಲೆ ಅವರ ಮುಖಕ್ಕೆ ಕಳೆ ಬಂತು. ಗಿರ್ಮಿಟ್ಟು, ಮಿರ್ಚಿ ತರಿಸಿದೆ, ತಿಂದರು, ನಮ್ಮೂರ ಮಿರ್ಚಿಯಷ್ಟು ಚೆನ್ನಾಗಿಲ್ಲ ಎಂದು ಹೆಸರನ್ನೂ ಇಟ್ಟರು. ಸಂಕಟ ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ದೀಪಾವಳಿಗೆ ಇನ್ನೂ ಕೆಲವು ದಿನ ಇತ್ತು. ವ್ಯಾಪಾರಿಗಳ ಒಂದು ಗುಂಪಿನಿಂದ ನನ್ನ ಫೋನಿಗೆ ಒಂದು ವಿಡಿಯೋ ಬಂತು. ಅದರ ಹಿಂದೆಯೇ ಇನ್ನೊಂದು ಗುಂಪಿನಿಂದ ಅದೇ, ಮತ್ತೊಂದರಿಂದ ಅದೇ. ತೆರೆದೆ. ಹಾವೇರಿಯ ಆ ಅಂಗಡಿಯವರ ಫೋಟೋ. ನೋಡನೋಡುತ್ತ ಅದು ತಲೆ ಹೊರಳಿಸಿತು. ಕಣ್ಣು ಮಿಟುಕಿಸಿತು. ನಕ್ಕಿತು. ನಕ್ಕಾಗ ಎಡಗಣ್ಣು ಒಂದಿಷ್ಟು ಕಿರಿದಾಯಿತು. ಆಮೇಲೆ ಬಾಯಿ ತೆರೆದು, ಬೆಂಗಳೂರಿನ ವಾರ್ತೆ ಓದುವವರ ಕನ್ನಡದಲ್ಲಿ, "ದೀಪಾವಳಿಯ ವಿಶೇಷ ರಿಯಾಯಿತಿಗಾಗಿ ನಮ್ಮ ಮಳಿಗೆಗೆ ಇಂದೇ ಭೇಟಿ ನೀಡಿ" ಎಂದಿತು.

ಜೀವಮಾನದಲ್ಲಿ ಒಮ್ಮೆಯೂ 'ಭೇಟಿ ನೀಡಿ' ಎಂದಿರಲಾರದ ಮನುಷ್ಯ. 'ಬರ್ರಿ, ಕುಂದ್ರಿ' ಎಂದೇ ಸತ್ತವರು. ಬೇರೆ ಹೊತ್ತಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆನೇನೋ. ಅಂಗಡಿಯ ಬಾಗಿಲು ತೆರೆದೇ ಇತ್ತು, ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ಆದರೂ ಒಬ್ಬಳೇ ಇದ್ದೇನೆ ಎನಿಸಿ ಎದ್ದು ಹೊರಗೆ ಬಂದು ನಿಂತೆ. ಆ ಕಣ್ಣನ್ನು ಆ ಮುಖಕ್ಕೆ ಹೊಂದಿಸುವಾಗ ಎಷ್ಟು ಹೊತ್ತು ಅದನ್ನೇ ನೋಡಿದ್ದೆನೋ ನಾನು. ಈಗ ಅದು ನನ್ನನ್ನು ನೋಡುತ್ತಿತ್ತು.

ಕಾಕಾ ಅದನ್ನು ಆಗಲೇ ಕಂಡಿದ್ದರು. ಚಹಾದಂಗಡಿಯಲ್ಲಿ ಯಾರೋ ತೋರಿಸಿ, ಇದು ನಿಮ್ಮ ಕೈಯ ಫೋಟೋ ಅಲ್ಲವೇ, ಎಷ್ಟು ಚಂದ ಎದ್ದುಬಂದಿದೆ ಎಂದು ಹೊಗಳಿದ್ದರಂತೆ. ಅವತ್ತಿನಿಂದ ಅವರು ಕಪ್ಪು ಕನ್ನಡಕ ಹಾಕತೊಡಗಿದರು. ಬ್ಯಾಡಗಿಯ ಜನ ಕಣ್ಣಿನ ಪೊರೆ ತೆಗೆಸಿದ್ದಾರೆ ಎಂದುಕೊಂಡರು. ಅವರೂ ಹೌದೆಂದರು.

ನಾನು ಅಂಗಡಿಯವರ ಮಗನಿಗೆ ಫೋನು ಮಾಡಿದೆ. ನಮ್ಮ ಕೆಲಸದಲ್ಲಿ ಹೇಗೂ ಪರಿಚಯವಿತ್ತು. ವಿಡಿಯೋ ಯಾರು ಮಾಡಿದರು ಎಂದರೆ, ತಾನೇ, ಫೋನಿನಲ್ಲೇ, ಊಟ ಮುಗಿಯುವುದರೊಳಗೆ ಎಂದ. ತೆಗೆದುಹಾಕಿದರೆ ಹೇಗೆ, ತಂದೆಯವರ ಫೋಟೋ ಅಲ್ಲವೇ ಎಂದು ಸುತ್ತಿ ಬಳಸಿ ಹೇಳಿದೆ. ಅವನಿಗೆ ಅರ್ಥವೇ ಆಗಲಿಲ್ಲ. ಅಪ್ಪ ಕರೆದರೆಂದು ಹಳೆಯ ಗಿರಾಕಿಗಳೆಲ್ಲ ಬರುತ್ತಿದ್ದಾರೆ ಎಂದು ಅವನಿಗೆ ಸಂತೋಷ. ಅವನು ಕೆಟ್ಟವನಲ್ಲ. ಅಪ್ಪನನ್ನು ಮತ್ತೆ ಅಂಗಡಿಗೆ ತಂದೆ ಎಂದೇ ಅವನ ಎಣಿಕೆ. ಕೊನೆಗೆ ಇನ್ನೊಂದು ಮಾತು ಹೇಳಿದ. ಅಪ್ಪ ಹೋದ ಮೇಲೆ ಅವ್ವ ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಈಗ ಇಡೀ ದಿನ ಫೋನು ಮುಂದಿಟ್ಟುಕೊಂಡು ಅಪ್ಪನನ್ನು ನೋಡುತ್ತ ಕೂರುತ್ತಾಳೆ, ತಾನೇ ಏನೇನೋ ಹೇಳಿಕೊಳ್ಳುತ್ತಾಳೆ.

ಅದನ್ನು ಕಾಕಾನಿಗೆ ಹೇಳಬಾರದಿತ್ತೇನೋ. ಹೇಳಿದೆ. ಅವರ ಮನೆಯ ಪಡಸಾಲೆಯಲ್ಲಿ ಕೂತಿದ್ದೆವು. ಅವರು ಕನ್ನಡಕ ತೆಗೆಯಲಿಲ್ಲ. ಮೆಲ್ಲಗೆ, ಒಳಗಿದ್ದ ಹೆಂಡತಿಗೆ ಕೇಳದ ಹಾಗೆ ಹೇಳಿದರು. "ಒಬ್ಬ ಮರ್ಯಾದಸ್ತ ಹೆಣ್ಣಮಗಳು ದಿನಾ ನನ್ನ ಕಣ್ಣಾಗ ಕಣ್ಣಿಟ್ಟು ಕುಂದರ್ತಾಳ. ಗಂಡ ಅಂತ ತಿಳಕೊಂಡು. ನಾ ಹೆಂಗ ಉಣ್ಲಿ, ಹೆಂಗ ಮಲಗ್ಲಿ?"

ಗೋಡೆಯ ಮೇಲಿನ ಕಣ್ಣು ಬೇರೆ. ಅದು ಯಾರನ್ನೂ ನೋಡುವುದಿಲ್ಲ. ಆಕೆ ಅದಕ್ಕೆ ಹೂ ಏರಿಸಿ ತನ್ನ ಕೆಲಸಕ್ಕೆ ಹೋಗುತ್ತಾರೆ. ಈಗಿನದು ಹೊರಳುತ್ತದೆ, ಮಿಟುಕುತ್ತದೆ, ನಗುತ್ತದೆ. ಆಕೆಗೆ ಗುರುತು ಹತ್ತಿದರೆ ಏನು ಗತಿ ಎಂಬುದು ಅವರ ಒಂದು ಹೆದರಿಕೆ. ಹತ್ತದೇ ಹೋದರೆ ಏನು ಗತಿ ಎಂಬುದು ಅದಕ್ಕಿಂತ ದೊಡ್ಡದು. ಹೋಗಿ ಹೇಳಿಬಿಡುತ್ತೇನೆ ಎಂದರು. ಹೇಳಿದರೆ ಆಕೆಗೆ ಗಂಡನ ಮುಖವೇ ಇಲ್ಲವಾಗುತ್ತದೆ, ಇರುವುದು ಅದೊಂದೇ ಫೋಟೋ ಎಂದು ನಾನು ಬೇಡಿಕೊಂಡೆ. ಅವರು ಪಟ್ಟು ಬಿಡಲಿಲ್ಲ. ಒಬ್ಬರೇ ಹೋಗಲು ಧೈರ್ಯವೂ ಇಲ್ಲದೆ ನನ್ನನ್ನು ಕರೆದರು.

ಮೋಟೆಬೆನ್ನೂರಿನ ಮೇಲೆ ಹಾವೇರಿಗೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ತುಟಿಯಲ್ಲೇ ಮಾತು ಜೋಡಿಸುತ್ತಿದ್ದರು. ಮುಂದಿನ ಸೀಟಿನ ಹುಡುಗಿ ಫೋನು ನೋಡುತ್ತಿದ್ದಳು. ಅವಳು ಬೆರಳಾಡಿಸಿದಾಗಲೆಲ್ಲ ಕಾಕಾ ಕಿಟಕಿಯ ಕಡೆ ಮೋರೆ ತಿರುಗಿಸುತ್ತಿದ್ದರು. ಎಲ್ಲಿ ಅದರಲ್ಲಿ ತಾವೇ ಬಂದುಬಿಡುತ್ತಾರೋ ಎಂದು. ನನಗೂ ಅದೇ ಭಯವಿತ್ತು, ಆದರೆ ನಾನು ಧೈರ್ಯ ಹೇಳಬೇಕಾದವಳು.

ಮಗ ಅಂಗಡಿಯಲ್ಲಿದ್ದ. ಆಕೆ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಎದುರಿಗೆ ಸ್ಟೀಲಿನ ಚರಿಗೆಗೆ ಫೋನನ್ನು ಆನಿಸಿ ನಿಲ್ಲಿಸಿದ್ದರು. ಮೇಲೆ ಗೋಡೆಯಲ್ಲಿ ಕಟ್ಟು ಹಾಕಿಸಿದ ಫೋಟೋ, ಅದಕ್ಕೆ ಅಂದಿನ ಸೇವಂತಿಗೆ. ಕಣ್ಣು ಬಿಡಿಸಿದವರು ಬಂದಿದ್ದಾರೆ ಎಂದು ಗುರುತು ಹಿಡಿದು, ಅಣ್ಣಾರ ಅಣ್ಣಾರ ಎಂದು ಉಪಚಾರ ಮಾಡಿದರು. ಆಮೇಲೆ ತಮ್ಮ ದೂರು ತೆಗೆದರು.

"ಬಾಯಿ ಏನೋ ಬಂದೈತಿ," ಎಂದರು ಫೋನು ತೋರಿಸಿ. "ಖರೇ ನನ್ನ ಜೋಡಿ ಒಂದು ಮಾತಿಲ್ಲ. ಎಲ್ಲಾ ಗಿರಾಕಿ ಜೋಡಿನ. ಇದ್ದಾಗೂ ಹಿಂಗ ಇದ್ರು."

ನಾನು ನಕ್ಕೆ. ಆಕೆಯೂ ನಕ್ಕರು. ಕಾಕಾ ನಗಲಿಲ್ಲ. ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕನ್ನಡಕ ತೆಗೆದರು. ತೆಗೆದವರು ಮತ್ತೆ ಹಾಕಿಕೊಳ್ಳದೆ, ಆಕೆಯ ಕಡೆ ನೋಡಿ, "ಅಕ್ಕಾರ, ಆ ಕಣ್ಣು..." ಎಂದು ತಡವರಿಸಿದರು.

ಆಕೆ ನೋಡಿದರು. ನೋಡಿದವರು ಥಟ್ಟನೆ ಎದ್ದು ನಿಂತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಅಂಗಡಿಯಿಂದ ಗಂಡ ಮನೆಗೆ ಬಂದರೆ ಆ ಕಾಲದ ಹೆಂಗಸರು ಎದ್ದು ನಿಲ್ಲುತ್ತಿದ್ದ ಹಾಗೆ. ಅದನ್ನು ಆಕೆ ಯೋಚಿಸಿ ಮಾಡಿದ್ದಲ್ಲ, ಮೈ ತಾನೇ ಮಾಡಿತು. ಆಮೇಲೆ ಅವರ ನೋಟ ಗೋಡೆಗೆ ಹೋಯಿತು. ಅಲ್ಲಿಂದ ಫೋನಿಗೆ. ಫೋನಿನಿಂದ ಮತ್ತೆ ಕಾಕಾನ ಮುಖಕ್ಕೆ. ಆಕೆಯ ಮುಖದ ಬಣ್ಣ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟು ಹೆದರಿದ ಮುಖವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಚಸ್ಮಾ ಹಾಕ್ಕೋರಿ, ಅಣ್ಣಾರ," ಎಂದರು.

ಅಷ್ಟೇ. ಹಾಕಿಕೊಂಡರು. ಆಕೆ ಬಗ್ಗಿ ಫೋನನ್ನು ಬೋರಲು ಮಾಡಿ, ಒಳಗೆ ಹೋಗಿ ಚಹಾ ತಂದರು. ಬಾಗಿಲವರೆಗೆ ಬಂದು ಕಳಿಸಿಕೊಟ್ಟರು, ಮತ್ತೆ ಬನ್ನಿ ಎನ್ನಲಿಲ್ಲ.

ಬಸ್ ನಿಲ್ದಾಣದಲ್ಲಿ ಕಾಕಾ ಕೇಳಿದರು, ಆಕೆಗೆ ಗೊತ್ತಾಯಿತೋ ಇಲ್ಲವೋ ಎಂದು. ನನಗೇನು ಗೊತ್ತು. ಆಮೇಲೆ ಎಷ್ಟೋ ಸಲ ಫೋನು ಮಾಡಿ ಅದನ್ನೇ ಕೇಳಿದರು. ಒಮ್ಮೆ ಗೊತ್ತಾಗಿದೆ ಎನ್ನುವರು. ಇನ್ನೊಮ್ಮೆ, ಇಲ್ಲ, ಆಕೆ ಗಂಡನನ್ನೇ ಕಂಡದ್ದು, ಅದಕ್ಕೇ ಎದ್ದು ನಿಂತದ್ದು ಎನ್ನುವರು. ಹಾಗೆನ್ನುವಾಗ ಅವರ ದನಿ ಸಣ್ಣಗಾಗುತ್ತಿತ್ತು. ದೀಪಾವಳಿ ಮುಗಿದ ಮೇಲೂ ವಿಡಿಯೋ ನಿಲ್ಲಲಿಲ್ಲ. ಲಗ್ನದ ಸೀಸನ್ನಿಗೆ ಒಂದು, ಸಂಕ್ರಾಂತಿಗೆ ಒಂದು ಬಂತು. ಪ್ರತಿ ಸಲ ಮುಖ ಇನ್ನಷ್ಟು ಸಲೀಸಾಗಿ ಮಾತಾಡುತ್ತಿತ್ತು. ಕಾಕಾ ಮನೆಯಲ್ಲಿ ಕನ್ನಡಿಗೂ ಬಟ್ಟೆ ಇಳಿಬಿಟ್ಟರು ಎಂದು ಅವರ ಹೆಂಡತಿ ನನಗೆ ಹೇಳಿದರು. ಗಡ್ಡವನ್ನು ತಡವಿ ತಡವಿಯೇ ಮಾಡಿಕೊಳ್ಳುತ್ತಿದ್ದರಂತೆ.

ಕೊನೆಯ ಸಲ ಭೇಟಿಯಾದಾಗ ಅವರು ಕೇಳಿದ್ದು ಒಂದೇ. "ನಾ ಹೋದ ಮ್ಯಾಲ ನನಗ ಕಣ್ಣು ಬಿಡಿಸಬ್ಯಾಡ, ಯವ್ವಾ. ಅವು ಮುಚ್ಚೇ ಇರ್ಲಿ."

ಸಂಕ್ರಾಂತಿ ಮುಗಿದು ಕೆಲವು ದಿನಕ್ಕೆ ಹೋಗಿಬಿಟ್ಟರು. ಕುರ್ಚಿಯಲ್ಲಿ ಕೂತವರು ಕೂತಲ್ಲೇ. ನಾನು ಹೋಗುವಷ್ಟರಲ್ಲಿ ಪಡಸಾಲೆಯಲ್ಲಿ ಕೂರಿಸಿ ವಿಭೂತಿ ಹಚ್ಚಿದ್ದರು. ಮೆಣಸಿನಕಾಯಿಯ ಸುಗ್ಗಿ. ಬಂದವರೆಲ್ಲ ಘಾಟಿಗೆ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಒಳಗೆ ಬರುತ್ತಿದ್ದರು. ಯಾರ ಕಣ್ಣೀರು ಯಾವುದೆಂದು ತಿಳಿಯದ ಹಾಗೆ. ಬಾಗಿಲಲ್ಲಿ ಒದ್ದೆ ಟವೆಲ್ ಇರಲಿಲ್ಲ. ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಮುಚ್ಚಿದ ಕಣ್ಣಿನ ಫೋಟೋವನ್ನೇ ಕಟ್ಟು ಹಾಕಿಸಿ ಅವರ ಹೆಂಡತಿಗೆ ಕೊಟ್ಟೆ. ಎಲ್ಲರ ಕಣ್ಣು ಬಿಡಿಸಿದವರಿಗೆ ಇದೇನು ಎಂದು ನೆಂಟರು ಆಡಿಕೊಂಡರು. ಆಕೆ ಮಾತ್ರ ಏನೂ ಕೇಳದೆ ಅದನ್ನು ಗೋಡೆಗೆ ಹಾಕಿದರು.

ಹೋದ ವಾರ, ಯುಗಾದಿಯ ಜಾಹೀರಾತಿನ ಗಡಿಬಿಡಿಯಲ್ಲಿದ್ದೆ. ಹಾವೇರಿಯ ಆ ತಾಯಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಕಂಕುಳಲ್ಲಿ ಹಳೆಯ ಟವೆಲಿನಲ್ಲಿ ಸುತ್ತಿದ ದೊಡ್ಡದೊಂದು ಚೌಕ. ಬಿಚ್ಚಿ ಮೇಜಿನ ಮೇಲಿಟ್ಟರು. ಗೋಡೆಯ ಮೇಲಿನ ಫೋಟೋ.

ಕಣ್ಣಿನವರು ಹೋದರಂತಲ್ಲ ಎಂದರು. ಹೌದೆಂದೆ.

"ಅವರ ಕಣ್ಣು ಅವರ ಜೋಡಿ ಮುಚ್ಚಿ ಹೋಗ್ಯಾವ," ಎಂದರು. "ನಮ್ಮ ಮನ್ಯಾಗ ಇನ್ನೂ ತೆರಕೊಂಡ ಅದಾವ. ನನಗ ಹೆದರಿಕಿ ಬರ್ತೈತಿ. ಮುಚ್ಚಿ ಕೊಡವ್ವಾ."

ಅಂದರೆ ಆಕೆಗೆ ಅವತ್ತೇ ಗೊತ್ತಾಗಿತ್ತು. ಕಾಕಾ ಇದ್ದಿದ್ದರೆ ಈಗಲಾದರೂ ಫೋನು ಮಾಡಿ ಹೇಳುತ್ತಿದ್ದೆ. ನಾನು ಹಾರ್ಡ್‌ಡಿಸ್ಕ್ ಹಚ್ಚಿ, ಹುಡುಕಿ, ಮೊದಲಿನ ಆ ಫೋಟೋ ತೆಗೆದೆ. ಗೋಡೆಗೆ ಆನಿಸಿ ಕೂರಿಸಿದ್ದು, ವಿಭೂತಿ, ಮಾಲೆ, ಮುಚ್ಚಿದ ರೆಪ್ಪೆ. ದೊಡ್ಡದಾಗಿ ಪ್ರಿಂಟ್ ಕೊಟ್ಟೆ. ಕಟ್ಟಿನಿಂದ ಹಳೆಯದನ್ನು ತೆಗೆದು ಅದನ್ನು ಕೂರಿಸಿ ಆಕೆಯ ಕೈಗಿಟ್ಟೆ. ಆಕೆ ಸೆರಗಿನಿಂದ ಗಾಜು ಒರೆಸಿದರು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹೂಂ," ಎಂದರು. "ಇವರ ನೋಡು ನಮ್ಮವರು."

ತಿಂಗಳುಗಟ್ಟಲೆ ನನ್ನ ಎದೆಯ ಮೇಲಿದ್ದ ಭಾರ ಇಳಿದಂತಾಯಿತು. ಸತ್ತವರಿಬ್ಬರೂ ಅಂತೂ ಮಲಗಿದರು ಎನಿಸಿತು. ಫೋಟೋವನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಟ್ಟೆ. ಬಸ್ಸಿಗೆ ಹತ್ತಿಸಿ ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ. ಆಕೆ ಏಳಲಿಲ್ಲ. ಕೈಚೀಲದಲ್ಲಿ ಹುಡುಕಾಡಿ ತಮ್ಮ ಫೋನನ್ನು ತೆಗೆದು, ನನ್ನ ಮುಂದೆ ಹಿಡಿದರು.

"ಇದರಾಗೂ ಮುಚ್ಚು, ಯವ್ವಾ."

ಮಗ ಬೆಳಗ್ಗೆ ಕಳಿಸಿದ ಯುಗಾದಿಯ ವಿಡಿಯೋ ಅದು. ತಾನೇ ಶುರುವಾಯಿತು. ಎಷ್ಟು ಊರಿನ ಎಷ್ಟು ಫೋನುಗಳಲ್ಲಿ ಅದು ಆಗ ಓಡುತ್ತಿತ್ತೋ, ನನ್ನ ಕೈಯಿಂದ ಏನಾಗುವುದಿದೆ ಎಂದು ಆಕೆಗೆ ಹೇಗೆ ಹೇಳಲಿ. ಆಕೆ ಫೋನನ್ನು ಹಿಡಿದೇ ಇದ್ದರು. ಅದರೊಳಗಿಂದ ಕಾಕಾ ಎಡಗಣ್ಣು ಕಿರಿದು ಮಾಡಿ ನನ್ನನ್ನು ನೋಡಿ ನಕ್ಕು, ಅಂಗಡಿಗೆ ಕರೆದರು.